ಅಜಾಪ್ ಮರದ ಎಣ್ಣೆ

ಗಂಡ ತೀರಿಕೊಂಡ ವರ್ಷ, ಒಯಾನೆ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗಿಬಿಡುತ್ತಾಳೆ ಎಂದೇ ಊರವರು ಅಂದುಕೊಂಡಿದ್ದರು. ಅವಳು ಹೋಗಲಿಲ್ಲ. ಹೊಳೆಯಾಚೆಯ ಕಾಡಿನಲ್ಲಿ ಗಂಡನ ಅಜ್ಜ ಮೊದಲು ಕಂಡಿದ್ದ ಅಜಾಪ್ ಮರವೊಂದಿತ್ತು. ಕ್ಯಾಮರೂನಿನ ಆ ದಕ್ಷಿಣ ಸೀಮೆಯಲ್ಲಿ ಮರ ಕಂಡವರ ಮನೆತನಕ್ಕೇ ಅದರ ಹಣ್ಣು. ಅಜಾಪ್ ಪ್ರತಿವರ್ಷ ಫಲ ಕೊಡುವುದಿಲ್ಲ. ಕೊಟ್ಟ ವರ್ಷ ಮಾತ್ರ ಆಯ್ದಷ್ಟೂ ಮುಗಿಯುವುದಿಲ್ಲ. ಆಗ ಒಯಾನೆ ಊರ ಹೆಂಗಸರನ್ನೂ ಕರೆದುಕೊಂಡು ಮರದ ಹತ್ತಿರ ಎಲೆಗುಡಿಸಲು ಹಾಕುತ್ತಿದ್ದಳು. ಆನೆಗಳು ಬರುವ ಮೊದಲೇ ಹಣ್ಣು ಆಯಬೇಕು, ಬೀಜ ಒಣಗಿಸಿ ಒಡೆಯಬೇಕು, ತಿರುಳು ಕುಟ್ಟಿ ಬೇಯಿಸಿ ಹಿಂಡಬೇಕು. ಆ ಎಣ್ಣೆ ಮಾರಿದ ದುಡ್ಡಿನಲ್ಲೇ ಅವಳ ಮಕ್ಕಳು ಓದಿದರು, ಹುಲ್ಲಿನ ಮಾಡು ಹೋಗಿ ತಗಡು ಬಂತು.

“ನಮ್ಮತ್ತಿಗೆ ಮರಾನೇ ಕಟ್ಟಿಕೊಂಡವಳೆ, ಇನ್ನೊಬ್ಬ ಗಂಡ ಯಾಕೆ ಬೇಕು?” ಎಂದು ಮೈದುನ ಎವಿನಾ ಹಂಗಿಸುತ್ತಿದ್ದ. ಅಣ್ಣ ಹೋದಮೇಲೆ ಮರದ ಹಕ್ಕು ಅವನದೇ. ಆದರೂ ಅತ್ತಿಗೆಗೆ ಅವನು ಅಡ್ಡಬಂದವನಲ್ಲ.

ಒಂದು ವರ್ಷ, ಮರ ಬರಿದಾಗಿದ್ದ ಕಾಲ, ಎವಿನಾನ ಹೆಂಡತಿ ಅದಾಳಿಗೆ ಹೆರಿಗೆ ಕಷ್ಟವಾಯಿತು. ಬೈಕಿನಲ್ಲಿ ನಡುವೆ ಕೂರಿಸಿಕೊಂಡು ಪೇಟೆಯ ಆಸ್ಪತ್ರೆಗೆ ಒಯ್ದರು. ಹೊಟ್ಟೆ ಕೊಯ್ಯಬೇಕು, ಔಷಧಿ ಸಾಮಾನು ನೀವೇ ತರಬೇಕು ಎಂದರು ಅಲ್ಲಿಯವರು. ಅವಳನ್ನು ಅಲ್ಲೇ ಅವಳ ತಾಯಿಯ ಬಳಿ ಬಿಟ್ಟು, ಹಣ ಹೊಂದಿಸಲು ಎವಿನಾ ಊರಿಗೆ ಓಡಿಬಂದ. ಮರದ ವ್ಯಾಪಾರಿಯೊಬ್ಬ ಎಷ್ಟೋ ದಿನದಿಂದ ಅಜಾಪಿನ ಮೇಲೆ ಕಣ್ಣಿಟ್ಟಿದ್ದ. ಎವಿನಾ ನೆಟ್ಟಗೆ ಅವನ ಬಿಡಾರಕ್ಕೆ ಹೋಗಿ ಕಡಿದುಕೋ ಎಂದ. ನಾಳೆ ಗರಗಸದವರ ಜೊತೆ ಹಣ ತರುತ್ತೇನೆಂದು ವ್ಯಾಪಾರಿ ಮಾತು ಕೊಟ್ಟ.

ಸುದ್ದಿ ಕೇಳಿ ಒಯಾನೆ ಕೈಲಿದ್ದ ಕೆಲಸ ಬಿಟ್ಟು ಅಂಗಳಕ್ಕೆ ಬಂದಳು. ಆದರೆ ಬೈಯಲು ಬಾಯಿ ಬರಲಿಲ್ಲ. ಎವಿನಾನ ಮುಖದಲ್ಲಿ ರಕ್ತವೇ ಇರಲಿಲ್ಲ.

“ಮಾರೋದಾದ್ರೆ ಮಾರು,” ಎಂದಳು ಕೊನೆಗೆ. “ಅದಾಳಿಗಿಂತ ಮರ ಹೆಚ್ಚಲ್ಲ. ಆದ್ರೆ ಅವನ ದುಡ್ಡು ಬರೋದು ನಾಳೆ ಕಣೋ. ಅವಳು ನಾಳೆ ತನಕ ತಡೀತಾಳಾ?”



ಒಯಾನೆ ಒಳಗೆ ಹೋಗಿ ಮುಂದಿನ ಫಲದವರೆಗೆ ಅಡುಗೆಗೆಂದು ಇಟ್ಟುಕೊಂಡಿದ್ದ ಎಣ್ಣೆಯ ಕ್ಯಾನು ಎಳೆದು ತಂದಳು. ಆಮೇಲೆ ಎಣ್ಣೆ ಸಾಲ ಕೇಳುತ್ತ ಮನೆಮನೆ ಸುತ್ತಿದಳು. ಯಾರೂ ಹೆಚ್ಚು ಪ್ರಶ್ನೆ ಮಾಡಲಿಲ್ಲ. ಒಬ್ಬಳು ಬಾಟಲಿ, ಒಬ್ಬಳು ಅರ್ಧ ಕ್ಯಾನು ತಂದು ರಸ್ತೆಯ ಬದಿಗಿಟ್ಟರು. ಬಾಳೆಗೊನೆ ಹೇರಿಕೊಂಡು ಬಂದ ಲಾರಿಯನ್ನು ನಿಲ್ಲಿಸಿ ಅತ್ತಿಗೆ ಮೈದುನ ಇಬ್ಬರೂ ಹತ್ತಿದರು. ಕೆಸರಿನಲ್ಲಿ ಲಾರಿ ಜಾರಿದಾಗಲೆಲ್ಲ ಒಯಾನೆ ಕ್ಯಾನುಗಳನ್ನು ಮಕ್ಕಳಂತೆ ತಬ್ಬಿಕೊಂಡಳು.

ಫಲವಿಲ್ಲದ ವರ್ಷವಾದ್ದರಿಂದ ಪೇಟೆಯಲ್ಲಿ ಎಣ್ಣೆಗೆ ಬರವಿತ್ತು. ಎಣ್ಣೆ ಮಾರುವ ದಪ್ಪ ಹೆಂಗಸು ಬೆರಳದ್ದಿ ಮೂಸಿ, ಚೌಕಾಶಿ ಮಾಡದೆ ಅಷ್ಟನ್ನೂ ತೆಗೆದುಕೊಂಡಳು. ಆ ಫ್ರಾಂಕು ನೋಟುಗಳನ್ನೆಲ್ಲ ಎವಿನಾ ಔಷಧಿ ಅಂಗಡಿಗೆ ಸುರಿದ.

ಸಂಜೆಗೆ ಹೆಣ್ಣುಮಗು ಹುಟ್ಟಿತು. ಅದಾ ಕಣ್ಣು ಬಿಟ್ಟು ನೀರು ಕೇಳಿದಳಂತೆ. ಆ ಮಾತು ಕೇಳಿದ ಒಯಾನೆ ಆಸ್ಪತ್ರೆಯ ಜಗಲಿಯಲ್ಲಿ ಕಾಲು ಚಾಚಿ ಕೂತಳು. ಬೆಳಗಿನಿಂದ ಏನೂ ತಿಂದಿಲ್ಲವೆಂಬುದು ಆಗ ನೆನಪಾಯಿತು. ಎಲೆಯಲ್ಲಿ ಸುತ್ತಿದ ಮರಗೆಣಸಿನ ಕಡುಬು ಕೊಂಡು, ಅರ್ಧ ಎವಿನಾನ ಕೈಗಿಟ್ಟು, ಉಳಿದದ್ದನ್ನು ಅಳುತ್ತಲೇ ತಿಂದು ಮುಗಿಸಿದಳು.

ಮರುದಿನ ಬೆಳಿಗ್ಗೆ ಎವಿನಾ ಊರಿಗೆ ಮರಳಿ ಹೊಳೆಯ ದಡದಲ್ಲಿ ವ್ಯಾಪಾರಿಗೆ ಕಾದು ನಿಂತ. ಮಾತು ತಪ್ಪಿದವನೆಂದು ವ್ಯಾಪಾರಿ ಬೈದ. ಬೈಗುಳವನ್ನೆಲ್ಲ ತಲೆತಗ್ಗಿಸಿ ಕೇಳಿ, ಎವಿನಾ ಇಷ್ಟೇ ಅಂದ: “ಮರ ನಂದು ಅಂದ್ಕೊಂಡಿದ್ದೆ ಸ್ವಾಮಿ. ಊರ ಹೆಂಗಸರದು.”

ಗರಗಸದವರು ಬಂದ ದಾರಿಯಲ್ಲೇ ವಾಪಸಾದರು.

ಮುಂದಿನ ಸಲ ಹಣ್ಣು ಬಿದ್ದಾಗ ಎವಿನಾ ತಾನಾಗಿ ಎಲೆಗುಡಿಸಲಿಗೆ ಬಂದ. ಎಲ್ಲರ ಎಣ್ಣೆಯ ಸಾಲ ತೀರಿಸುವವರೆಗೆ ಬೀಜ ಒಡೆಯುತ್ತೇನೆಂದ. ಕಲ್ಲೇಟು ಬೀಜಕ್ಕಿಂತ ಹೆಬ್ಬೆರಳಿಗೇ ಹೆಚ್ಚು ಬೀಳುತ್ತಿತ್ತು.

“ಎಣ್ಣೆ ಬೀಜದಿಂದ ತೆಗೀತಾರೆ ಮೈದುನ, ಬೆರಳಿಂದ ಅಲ್ಲ,” ಎಂದಳು ಒಯಾನೆ. ಮಗುವಿಗೆ ಹಾಲೂಡುತ್ತಿದ್ದ ಅದಾ ಎಲ್ಲರಿಗಿಂತ ಜೋರಾಗಿ ನಕ್ಕಳು.