ಬೆರಳ ಬದಿಯ ಚುಕ್ಕೆಗಳು

ದೀರ್ಘಕಾಲದ ಕಾಯಿಲೆಗಳ ಶುಶ್ರೂಷೆಯಲ್ಲಿ ಗೆಲುವೆಂಬ ಮಾತಿಗೆ ಹೆಚ್ಚು ಜಾಗವಿಲ್ಲ. ಮುರಿದ ಮೂಳೆ ಕೂಡುತ್ತದೆ, ಜ್ವರ ಇಳಿಯುತ್ತದೆ, ಹೆರಿಗೆಯಾದವರು ಮಗುವನ್ನೆತ್ತಿಕೊಂಡು ಮನೆಗೆ ಹೋಗುತ್ತಾರೆ. ಸಕ್ಕರೆ ಕಾಯಿಲೆಯವರು ಮಾತ್ರ ಮುಂದಿನ ತಿಂಗಳು ಮತ್ತೆ ಬರುತ್ತಾರೆ. ಹೀಗೆ ಮತ್ತೆ ಮತ್ತೆ ಬರುವವರನ್ನು ಮೂವತ್ತನಾಲ್ಕು ವರ್ಷ ಬೇಸರಿಸದೆ ನೋಡಿಕೊಂಡ ನಮ್ಮ ಮುಖ್ಯ ನರ್ಸ್ ಈ ತಿಂಗಳು ನಿವೃತ್ತರಾಗುತ್ತಿದ್ದಾರೆ; ಈ ಅಭಿನಂದನ ಸಂಪುಟ ಅವರಿಗಾಗಿ. ‘ಬೇಸರಿಸದೆ’ ಎಂಬ ಪದವನ್ನು ಯೋಚಿಸಿಯೇ ಬಳಸಲಾಗಿದೆ. ‘ಬೈಯದೆ’ ಎಂದು ಬರೆಯಲು ಕೈ ಬರುವುದಿಲ್ಲ.

ಆಸ್ಪತ್ರೆಯ ದಾಖಲೆಯಲ್ಲಿ ಅವರಿಗೊಂದು ಹೆಸರಿದೆ; ಅದನ್ನು ಯಾರೂ ಬಳಸಿದ್ದಿಲ್ಲ. ವೈದ್ಯರಿಗೂ ರೋಗಿಗಳಿಗೂ ನೆಲ ಒರೆಸುವವರಿಗೂ ಅವರು ದೊಡ್ಡಕ್ಕ. ತಮಗಿಂತ ಇಪ್ಪತ್ತು ವರ್ಷ ಹಿರಿಯರಾದ ರೋಗಿಗಳು ಕೂಡ ಹಾಗೇ ಕರೆದಾಗ ಅವರು ಆಕ್ಷೇಪಿಸಿದ್ದನ್ನು ಕಂಡವರಿಲ್ಲ.

ಸೇವೆಗೆ ಸೇರಿದ ವರ್ಷ ಅವರಿಗೆ ಕೊಟ್ಟದ್ದು ಕಾರಿಡಾರಿನ ಕೊನೆಯಲ್ಲಿರುವ ಏಳನೆಯ ಕೋಣೆ: ಒಂದು ತೂಕದ ಯಂತ್ರ, ಒಂದು ಮೇಜು, ಬಾಗಿಲ ಹೊರಗೆ ಉದ್ದನೆಯ ಬೆಂಚು. ಅದಿನ್ನೂ ಗಾಜಿನ ಸಿರಿಂಜುಗಳ ಕಾಲ. ಕಣ್ಣು ಮಂಜಾಗಿದ್ದ ನಿವೃತ್ತ ಮೇಷ್ಟ್ರೊಬ್ಬರಿಗೆ ಸಿರಿಂಜಿನ ಮೇಲಿನ ಸಣ್ಣ ಗೆರೆ ಕಾಣುತ್ತಿರಲಿಲ್ಲ. ದೊಡ್ಡಕ್ಕ ತಮ್ಮ ತಂಗಿಯ ಉಗುರುಬಣ್ಣದ ಶೀಸೆಯನ್ನು ಹೇಳದೆ ಕೇಳದೆ ತಂದು, ಆ ಗೆರೆಯ ಮೇಲೆ ದಪ್ಪಗೆ ಕೆಂಪು ಹಚ್ಚಿಕೊಟ್ಟರು. ಮೇಷ್ಟ್ರು ಮುಂದೆ ಒಂಬತ್ತು ವರ್ಷ ತಾವೇ ಚುಚ್ಚಿಕೊಂಡರು. ತಂಗಿ ಆ ಶೀಸೆಯ ಸುದ್ದಿಯನ್ನು ಈಗಲೂ ಬಿಟ್ಟಿಲ್ಲ.

ಪ್ರತಿ ರೋಗಿಗೂ ಅವರು ಒಂದೊಂದು ಪುಸ್ತಕ ಕೊಡುತ್ತಿದ್ದರು. ದಿನಕ್ಕೆರಡು ಸಲ ಬೆರಳು ಚುಚ್ಚಿ, ಸಕ್ಕರೆಯ ಅಂಕಿಯನ್ನು ಅದರಲ್ಲಿ ಬರೆದು ತರಬೇಕು. ಅಂಕಿ ಚೆನ್ನಾಗಿದ್ದರೆ ಒಂದು ‘ಹ್ಞೂಂ’. ಚೆನ್ನಾಗಿರದಿದ್ದರೆ ರೋಗಿಯ ಬೆವರಿಳಿಸುವ ಬೈಗುಳ, ಅದು ಎಲ್ಲ ಏಳು ಕೋಣೆಗಳಿಗೂ ಕೇಳಿಸುತ್ತಿತ್ತು. ಬೆಂಚಿನಲ್ಲಿ ಕೂತವರು ಸರದಿ ಬರುವ ಮುನ್ನ ಅಂಗಿಯ ಮೇಲಿನ ಬಿಸ್ಕತ್ತಿನ ಪುಡಿಯನ್ನು ಕೊಡವಿಕೊಳ್ಳುತ್ತಿದ್ದರು. ಅವರ ಕೋಣೆಯ ಪುಸ್ತಕಗಳಲ್ಲಿದ್ದಷ್ಟು ಒಳ್ಳೆಯ ಅಂಕಿಗಳು ಬೇರೆಲ್ಲೂ ಇಲ್ಲವೆಂದು ಹಿರಿಯ ವೈದ್ಯರು ಸಭೆಗಳಲ್ಲಿ ಹೇಳುತ್ತಿದ್ದರು. ದೊಡ್ಡಕ್ಕ ಅದನ್ನು ಕೇಳಿಸಿಕೊಳ್ಳದವರಂತೆ ಕೂತಿರುತ್ತಿದ್ದರು, ಆದರೆ ಎದ್ದು ಹೋಗುತ್ತಿರಲಿಲ್ಲ.

ಮೂರು ವರ್ಷದ ಹಿಂದೆ, ರೋಗಿಗಳು ಪುಸ್ತಕದ ಬದಲು ಮೊಬೈಲಿನಲ್ಲೇ ಅಂಕಿ ಬರೆಯುವಂತೆ ಒಂದು ಆ್ಯಪ್ ಮಾಡಬೇಕೆಂದು ಆಸ್ಪತ್ರೆ ನಿರ್ಧರಿಸಿತು. ಹಿರಿಯ ವೈದ್ಯರು, ಒಬ್ಬ ಎಂಜಿನಿಯರು, ಪರದೆಯ ವಿನ್ಯಾಸ ಮಾಡುವ ಹುಡುಗಿ, ಇವರ ಜತೆಗೆ ದೊಡ್ಡಕ್ಕನನ್ನೂ ಸಮಿತಿಗೆ ಹಾಕಿದರು. ಮೊದಲ ಸಭೆಯಲ್ಲಿ ಎಂಜಿನಿಯರು ತೋರಿಸಿದ ಪರದೆಯಲ್ಲಿ ಹದಿನಾಲ್ಕು ಗುಂಡಿಗಳಿದ್ದವು. ದೊಡ್ಡಕ್ಕ ಏಳನೆಯ ಕೋಣೆಗೆ ಹೋಗಿ ರಬ್ಬರ್ ಕೈಗವಸುಗಳನ್ನೂ ಒಂದು ವ್ಯಾಸಲೀನ್ ಡಬ್ಬಿಯನ್ನೂ ತಂದರು.

“ಕನ್ನಡಕ ಕೊಡಪ್ಪಾ ಇಲ್ಲಿ.”

ಗಾಜಿಗೆ ವ್ಯಾಸಲೀನ್ ಬಳಿದು ಎಂಜಿನಿಯರಿಗೇ ಹಾಕಿಸಿದರು. ಕೈಗೆ ಒಂದರ ಮೇಲೊಂದು ಮೂರು ಗವಸು ತೊಡಿಸಿದರು. “ನಮ್ಮವರಿಗೆ ಕಣ್ಣು ಹೀಗೇ ಕಾಣೋದು, ಬೆರಳು ಹೀಗೇ ಜೋಮು ಹಿಡಿದಿರೋದು. ಈಗ ನಿನ್ನ ಸಕ್ಕರೆ ಎಷ್ಟು ಅಂತ ಬರಿ, ನೋಡೋಣ.”

ತಾನೇ ಮಾಡಿದ ಆ್ಯಪಿನಲ್ಲಿ ಎಂಜಿನಿಯರು ಹತ್ತು ನಿಮಿಷ ಒದ್ದಾಡಿದ. ಸಕ್ಕರೆಯ ಅಂಕಿ ದಾಖಲಾಗಲಿಲ್ಲ. ತುರ್ತು ಗುಂಡಿ ಒತ್ತಿಹೋಗಿ ಆಂಬುಲೆನ್ಸಿನ ಚಾಲಕ ಸಭೆಯ ಬಾಗಿಲಿಗೆ ಬಂದು ನಿಂತ. ಮರುದಿನದಿಂದ ಪರದೆಯಲ್ಲಿ ಮೂರೇ ಗುಂಡಿಗಳು, ಒಂದೊಂದೂ ಬಿಸ್ಕತ್ತಿನಷ್ಟಗಲ.

ಮಾತ್ರೆಯ ಹೊತ್ತನ್ನು ನೆನಪಿಸಲು ಮೊದಲು ಯಾರೋ ಬಾಡಿಗೆಯ ಕಲಾವಿದೆಯ ಇಂಪಾದ ದನಿ ಹಾಕಿದ್ದರು. ರೋಗಿಗಳು ಅದನ್ನು ಜಾಹೀರಾತೆಂದುಕೊಂಡು ಬಾಯಿ ಮುಚ್ಚಿಸಿದರು. ಆಗ ಹಿರಿಯ ವೈದ್ಯರಿಗೆ ಹೊಳೆದದ್ದೇ ದೊಡ್ಡಕ್ಕನ ದನಿ. “ಮಾತ್ರೆ ನುಂಗಿದ್ರಾ? ಸಕ್ಕರೆ ನೋಡಿದ್ರಾ? ಬರೀರಿ ಮತ್ತೆ!” ಅಂಕಿ ಚೆನ್ನಾಗಿದ್ದರೆ ಮೊಬೈಲು ಚಪ್ಪಾಳೆ ತಟ್ಟುತ್ತಿತ್ತು, ಹೆಚ್ಚಾಗಿದ್ದರೆ, “ಏನು ತಿಂದ್ರಿ?”

ಇನ್ನೂರು ರೋಗಿಗಳ ಮೇಲೆ ಮೂರು ತಿಂಗಳು ಪ್ರಯೋಗ ನಡೆಯಿತು. ನೂರಕ್ಕೆ ತೊಂಬತ್ತೇಳು ಅಂಕಿಗಳು ಚಪ್ಪಾಳೆ ಗಿಟ್ಟಿಸಿದವು. ಎಲ್ಲರಿಗಿಂತ ಮುಂದಿದ್ದವರು ಹನ್ನೊಂದು ವರ್ಷದಿಂದ ಬರುತ್ತಿದ್ದ ದರ್ಜಿಯೊಬ್ಬರು. ತೊಂಬತ್ತು ದಿನವೂ ಅವರ ಸಕ್ಕರೆ ನೂರಹನ್ನೆರಡರ ಆಸುಪಾಸು. ಹಿರಿಯ ವೈದ್ಯರು ಹಿಗ್ಗಿ, ಮೊಬೈಲೇ ಇಷ್ಟು ಹೇಳುವಾಗ ಬೇರೆ ರಕ್ತಪರೀಕ್ಷೆ ಯಾಕೆಂದು, ಅವರ ಇನ್ಸುಲಿನನ್ನು ಅರ್ಧಕ್ಕಿಳಿಸಿ ಚೀಟಿ ಬರೆದರು. ಆ್ಯಪನ್ನು ಬೇರೆ ಆಸ್ಪತ್ರೆಗಳಿಗೂ ಹಂಚಲು ಆಡಳಿತ ಮಂಡಳಿ ಒಪ್ಪಿಗೆ ಕೊಡುವ ಸಭೆ ಮರುದಿನವೇ ಇತ್ತು. ಅದಕ್ಕೆ ದೊಡ್ಡಕ್ಕನ ಹೆಸರನ್ನೇ ಇಡುವುದೆಂದು ಮಾತಾಗಿತ್ತು.

ಚೀಟಿ ಹಿಡಿದು ದರ್ಜಿ ತಮ್ಮ ಹೆಂಡತಿಯೊಡನೆ ಏಳನೆಯ ಕೋಣೆಗೆ ಬಂದರು. ಹೊಸ ಅಳತೆ ತೋರಿಸಿಕೊಡಲೆಂದು ದೊಡ್ಡಕ್ಕ ಅವರ ಕೈ ಹಿಡಿದುಕೊಂಡರು. ಹಿಡಿದವರು ಬಿಡಲಿಲ್ಲ. ಬೆರಳನ್ನು ಕಿಟಕಿಯ ಬೆಳಕಿಗೆ ತಿರುಗಿಸಿದರು.

“ಚುಚ್ಚಿದ್ದೀನಕ್ಕಾ, ನೋಡಿ, ಎಷ್ಟೊಂದು ಗುರುತು” ಎಂದರು ದರ್ಜಿ.

“ಇದು ತುದಿಯಲ್ಲಿದೆ ಅಣ್ಣಾ. ತುದೀಲಿ ಚುಚ್ಚೋದು ಬಟ್ಟೆ ಸೂಜಿ. ನಮ್ಮ ಸೂಜಿ ಬದೀಲಿ ಚುಚ್ಚುತ್ತೆ. ನಿಮ್ಮ ಬೆರಳ ಬದಿ ಮಗೂ ಕೆನ್ನೆ ಇದ್ದ ಹಾಗಿದೆಯಲ್ಲಾ?”

ದೊಡ್ಡಕ್ಕ ಅಲ್ಲೇ ಬದಿಯಲ್ಲಿ ಚುಚ್ಚಿ ನೋಡಿದರು. ಮುನ್ನೂರ ನಾಲ್ಕು. ಇನ್ಸುಲಿನನ್ನು ಅರ್ಧಕ್ಕಿಳಿಸಬೇಕಿದ್ದ ಮನುಷ್ಯನಿಗೆ ಮುನ್ನೂರ ನಾಲ್ಕು.

ಹೆಂಡತಿಗೆ ಇನ್ನು ತಡೆಯಲಾಗಲಿಲ್ಲ. “ಮೊಬೈಲಲ್ಲಿ ನಿಮ್ಮ ದನಿ ಬಂದ್ರೆ ಸಾಕಕ್ಕಾ, ಇವರು ಎದ್ದು ನಿಂತ್ಕೋತಾರೆ. ಸಿಹಿ ತಿನ್ನೋವಾಗ ಮೊಬೈಲನ್ನ ಹೊಲಿಗೆ ಯಂತ್ರದ ಖಾನೇಲಿ ಹಾಕಿ ಮೇಲೆ ಎರಡು ಕೋಟು ಮುಚ್ತಾರೆ. ನೀವು ನೋಡ್ತೀರಂತೆ!”

“ಸುಮ್ನಿರೇ” ಎಂದರು ದರ್ಜಿ. ಆಮೇಲೆ ಮೆಲ್ಲಗೆ, “ಬೈಸ್ಕೊಳ್ಳೋ ವಯಸ್ಸಾ ಅಕ್ಕಾ ಇದು? ಮೊಮ್ಮಕ್ಕಳು ಎದುರಿಗೇ ಇರ್ತಾವೆ. ನೂರಹನ್ನೆರಡು ಅಂತ ಬರೆದ್ರೆ ಚಪ್ಪಾಳೆ, ಅವೂ ತಟ್ತಾವೆ.”

“ಪುಸ್ತಕ ಇದ್ದಾಗ ಸರಿಯಾಗಿ ಬರೀತಿದ್ರಲ್ಲಾ?”

ದರ್ಜಿ ತೂಕದ ಯಂತ್ರವನ್ನು ನೋಡುತ್ತ ಕೂತರು. “ಅದೂ ಹಾಗೇನೇ. ಇಲ್ಲಿಗೆ ಬರೋ ಹಿಂದಿನ ದಿನ ಒಟ್ಟಿಗೆ ಬರೆದುಬಿಡ್ತಿದ್ದೆ. ಬೇರೆ ಬೇರೆ ಪೆನ್ನಲ್ಲಿ.”

ದೊಡ್ಡಕ್ಕನಿಗೆ ಅಂದು ಬೈಗುಳ ಬರಲಿಲ್ಲ. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, “ಹಳೇ ಅಳತೆಯಲ್ಲೇ ತಗೊಳ್ಳಿ, ಡಾಕ್ಟರ ಹತ್ರ ನಾನು ಮಾತಾಡ್ತೀನಿ” ಎಂದಷ್ಟೇ ಹೇಳಿ, ಹೊರಗೆ ಬೆಂಚಿನ ಮುಂದೆ ನಿಂತರು.

“ಎಲ್ಲರೂ ಕೈ ತೋರಿಸಿ.”

ಇಪ್ಪತ್ತಮೂರು ಮಂದಿ ಶಾಲೆಯಲ್ಲಿ ಉಗುರು ತೋರಿಸುವಂತೆ ಕೈ ಚಾಚಿದರು. ಬೆರಳ ಬದಿಯಲ್ಲಿ ಚುಕ್ಕೆಗಳಿದ್ದದ್ದು ನಾಲ್ವರಿಗೆ. ಆ ನಾಲ್ವರಲ್ಲಿ ಒಬ್ಬರು ಕಿವುಡರು.

ಮೂವತ್ತಮೂರು ವರ್ಷದ ಒಳ್ಳೆಯ ಅಂಕಿಗಳಲ್ಲಿ ಎಷ್ಟು ನಿಜ, ಎಷ್ಟು ತಮ್ಮ ಬಾಯಿಗೆ ಹೆದರಿ ಹುಟ್ಟಿದ್ದು ಎಂಬ ಲೆಕ್ಕ ಅಂದು ಅವರ ತಲೆಯಲ್ಲಿ ಶುರುವಾಯಿತು. ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ನಿವೃತ್ತಿಗೆ ಇನ್ನು ಹದಿನಾಲ್ಕೇ ತಿಂಗಳಿತ್ತು.

ಮರುದಿನದ ಸಭೆಯಲ್ಲಿ ಹಿರಿಯ ವೈದ್ಯರು, “ಇದೆಲ್ಲ ದೊಡ್ಡಕ್ಕನ ದನಿಯ ಪ್ರಭಾವ” ಎಂದು ಮುಗಿಸಿ ಕೂತರು. ದೊಡ್ಡಕ್ಕ ಎದ್ದರು.

“ಪ್ರಭಾವ ನಿಜ ಡಾಕ್ಟ್ರೇ. ಅಂಕಿ ಸುಳ್ಳು. ನಾನು ಬೈತೀನಿ ಅಂತ ಅವರು ಸುಳ್ಳು ಬರೀತಾರೆ. ಈಗ ಹೋದಲ್ಲೆಲ್ಲ ಬೈಯೋ ಹಾಗೆ ನನ್ನನ್ನ ಅವರ ಜೇಬಿಗೇ ಹಾಕಿಬಿಟ್ಟಿದ್ದೀವಿ.” ಮಡಚಿದ ಚೀಟಿಯನ್ನು ಮೇಜಿನ ಮೇಲಿಟ್ಟು ಮುನ್ನೂರ ನಾಲ್ಕರ ಕತೆ ಹೇಳಿದರು. ಪುಸ್ತಕಗಳ ಕತೆಯನ್ನೂ ಹೇಳಿದರು. ಅದನ್ನು ಹೇಳಿ ಎಂದು ಯಾರೂ ಕೇಳಿರಲಿಲ್ಲ.

ಎಂಜಿನಿಯರು ಅವರ ಕಿವಿಯ ಬಳಿ ಬಾಗಿದ. “ಅಕ್ಕಾ, ಒಪ್ಪಿಗೆ ಸಿಕ್ಕಿದ ಮೇಲೆ ಹೇಳಬಹುದಿತ್ತಲ್ಲಾ?”

“ಅಲ್ಲೀವರೆಗೆ ಅವರ ಕಾಲು ಕಣ್ಣು ಕಾಯೋರು ಯಾರಪ್ಪಾ? ನೀನಾ?”

ಹಿರಿಯ ವೈದ್ಯರು ಚೀಟಿಯನ್ನು ಬಹಳ ಹೊತ್ತು ನೋಡಿ ಹರಿದುಹಾಕಿದರು. ಒಪ್ಪಿಗೆ ಒಂದು ವರ್ಷ ಮುಂದಕ್ಕೆ ಹೋಯಿತು. ಹೆಸರಿಡುವ ಮಾತನ್ನು ಯಾರೂ ಮತ್ತೆ ಎತ್ತಲಿಲ್ಲ.

ಆ್ಯಪಿನಿಂದ ಚಪ್ಪಾಳೆ ಹೋಯಿತು, “ಏನು ತಿಂದ್ರಿ” ಹೋಯಿತು. ದನಿಯನ್ನು ತೆಗೆಯಲು ಮಾತ್ರ ರೋಗಿಗಳು ಒಪ್ಪಲಿಲ್ಲ. ಬೈಯದೆ ಹೇಳಲಿ ಸಾಕು ಎಂದರು. ಇದು ಅಂದುಕೊಂಡಷ್ಟು ಸುಲಭವಿರಲಿಲ್ಲ. “ಸ್ವಲ್ಪ ನಗ್ತಾ ಹೇಳಿ ಅಕ್ಕಾ” ಎಂದಳು ವಿನ್ಯಾಸದ ಹುಡುಗಿ. ನಗುತ್ತಾ ಹೇಳಿದರು, ಅದು ಇನ್ನೂ ಭಯಂಕರವಾಗಿತ್ತು. ಧ್ವನಿಮುದ್ರಣದವನು ಗಾಜಿನಾಚೆ ಕೂತು, “ನಾನೇನು ತಪ್ಪು ಮಾಡಿದೆ?” ಎಂದು ಕೇಳಿದ. ಹತ್ತೊಂಬತ್ತನೆಯ ಸಲ, ಸುಸ್ತಾಗಿ ಸ್ಟೂಲಿನ ಮೇಲೆ ಕೂತು, “ಎಷ್ಟಿದೆಯೋ ಅಷ್ಟೇ ಬರೀರಿ. ನಾನೇನೂ ಅನ್ನಲ್ಲ” ಎಂದರು. ಅದೇ ಉಳಿಯಿತು.

ಎರಡನೆಯ ಪ್ರಯೋಗದಲ್ಲಿ ಒಳ್ಳೆಯ ಅಂಕಿಗಳು ತೊಂಬತ್ತೇಳರಿಂದ ನಲವತ್ತೊಂದಕ್ಕೆ ಬಿದ್ದವು. ಬಿದ್ದ ಅಂಕಿ ಕಂಡು ಚಹಾ ತರಿಸಿ ಕುಡಿದ ಸಮಿತಿ ನಮ್ಮ ಆಸ್ಪತ್ರೆಯಲ್ಲಿ ಅದೊಂದೇ ಇರಬೇಕು. ಯಾರಿಗೆ ಎಷ್ಟು ಔಷಧ ಬೇಕೆಂದು ಮೊದಲ ಸಲ ಸರಿಯಾಗಿ ಗೊತ್ತಾಯಿತು, ಒಪ್ಪಿಗೆಯೂ ಕೊನೆಗೆ ಬಂತು.

ಕಳೆದ ವಾರ ದರ್ಜಿ ಬಂದರು. ಬಾಗಿಲಲ್ಲೇ ಮೊಬೈಲು ಮೇಲೆತ್ತಿ, ತರಗತಿಗೆ ಮೊದಲು ಬಂದ ಹುಡುಗನ ಹುಮ್ಮಸ್ಸಿನಲ್ಲಿ ಕೂಗಿದರು: “ಅಕ್ಕಾ, ಇನ್ನೂರ ಅರವತ್ತೆಂಟು! ನಿಜವಾದ್ದು!”

ಬೆಂಚು ಉಸಿರು ಬಿಗಿಹಿಡಿಯಿತು. ದೊಡ್ಡಕ್ಕ ಬಾಯಿ ತೆರೆದರು. ಮುಚ್ಚಿದರು. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡರು.

“ಬರೆದ್ರಲ್ಲಾ, ಒಳ್ಳೇದಾಯ್ತು. ಬನ್ನಿ, ಕೂತ್ಕೊಳ್ಳಿ. ಕಾಲು ತೋರಿಸಿ.”

ಇನ್ನು ಮುಂದೆ ಪ್ರತಿ ಗುರುವಾರ ಬಂದು, ಹೊಸ ನರ್ಸುಗಳ ಪಕ್ಕ ಕೂರುವುದಾಗಿ ದೊಡ್ಡಕ್ಕ ಒಪ್ಪಿದ್ದಾರೆ. ಆ್ಯಪಿನಲ್ಲಿ ಈಗಲೂ ಏಳು ಮಂದಿ ಸುಳ್ಳು ಅಂಕಿ ಬರೆಯುತ್ತಿದ್ದಾರಂತೆ. ಅವರಲ್ಲೊಬ್ಬರು ಈ ಸಂಪುಟದ ಸಂಪಾದಕ ಮಂಡಳಿಯಲ್ಲಿದ್ದಾರಂತೆ. ಯಾರೆಂದು ಎಷ್ಟು ಕೇಳಿದರೂ ದೊಡ್ಡಕ್ಕ ಬಾಯಿ ಬಿಡುವುದಿಲ್ಲ. ಒಬ್ಬೊಬ್ಬರೂ ತಾವಾಗಿಯೇ ಬಂದು ಹೇಳಲಿ, ಅಲ್ಲಿಯವರೆಗೆ ಕಾಯುತ್ತೇನೆ ಎನ್ನುತ್ತಾರೆ. ಆ ಏಳು ಮಂದಿಯ ಮೊಂಡುತನವನ್ನು ಬಲ್ಲ ನಾವೆಲ್ಲರೂ, ಅಷ್ಟು ಕಾಲ ಕಾಯಲು ಸಾಲುವಷ್ಟು ಆಯುಷ್ಯವೂ ಆರೋಗ್ಯವೂ ನಮ್ಮ ದೊಡ್ಡಕ್ಕನಿಗೆ ಇರಲೆಂದು ಮನಸಾರೆ ಹಾರೈಸುತ್ತೇವೆ.