ಔಷಧದಂಗಡಿಯಲ್ಲಿ ಮಗಳ ಭಿನ್ನರಾಶಿ

“ಅರ್ಧ ಸ್ಟ್ರಿಪ್‌ಗೆ ಮುನ್ನೂರು, ಐದರಲ್ಲೊಂದು ಭಾಗಕ್ಕೆ ನೂರಿಪ್ಪತ್ತು” ಎಂದು ಐದನೇ ತರಗತಿಯ ನನ್ನ ಮಗಳು ಮಲಯಾಳದಲ್ಲಿ ಹೇಳಿಯೇಬಿಟ್ಟಳು. ಭಿನ್ನರಾಶಿ ಕಲಿಯಲೆಂದು ಅಂಗಡಿಗಳಲ್ಲಿ ಅವಳಿಗೆ ಲೆಕ್ಕ ಕೊಡುವವಳು ನಾನೇ. ಆದರೆ ಕಲೂರಿನ ಆ ಔಷಧದಂಗಡಿಯಲ್ಲಿ ಅವಳನ್ನು ಯಾರೂ ಕೇಳಿರಲಿಲ್ಲ. ಹತ್ತು ಮಾತ್ರೆಯ ಸ್ಟ್ರಿಪ್‌ಗೆ ಆರುನೂರು ಎಂದು ಅಂಗಡಿಯವನು ಹೇಳಿದ್ದು ಕೇಳಿ, ನಮ್ಮ ಮುಂದಿದ್ದ ವೃದ್ಧರು ಕೈಯಲ್ಲಿದ್ದ ನೋಟುಗಳನ್ನು ಎಣಿಸುತ್ತಿದ್ದರು. ಹೊರಗೆ ಆಟೋದಲ್ಲಿ ಅವರ ಹೆಂಡತಿ ಕೆಮ್ಮುತ್ತಿದ್ದರು.

ವೃದ್ಧರು ನನ್ನ ಮಗಳ ತಲೆ ಸವರಿ, “ಹಾಗಾದ್ರೆ ಎರಡು ಸಾಕು ಮೋಳೇ” ಎಂದರು.

“ಐದು ದಿನ ಪೂರ್ತಿ ತಗೋಬೇಕು, ಚೇಟ್ಟಾ” ಎನ್ನುತ್ತಲೇ ಅಂಗಡಿಯವನು ಎರಡು ಮಾತ್ರೆ ಕತ್ತರಿಸಿಕೊಟ್ಟ. ನಾನು ಪರ್ಸ್ ತೆಗೆಯುವಷ್ಟರಲ್ಲಿ ಆಟೋ ಹೊರಟಿತ್ತು.

“ಸರಿ ಹೇಳಿದೆನಲ್ಲಾ ಅಮ್ಮಾ?” ಎಂದಳು ಮಗಳು. ಲೆಕ್ಕವೇನೋ ಸರಿಯಾಗಿತ್ತು. ಅಂದಿನಿಂದ ತರಕಾರಿ ಕೊಳ್ಳುವಾಗಲೂ ಕಾಲು ಕಿಲೋಗೆ ಎಷ್ಟೆಂದು ಅವಳನ್ನು ಕೇಳಲು ನನಗೆ ಬಾಯಿ ಬರುತ್ತಿಲ್ಲ.