ನಾಮಪತ್ರಕ್ಕೆ ಬಸ್ಸಿನಲ್ಲಿ ಹೋದವರು

ನಮ್ಮ ಶಾಸಕರ ಕಾರನ್ನು ನಾನು ಆರು ವರ್ಷ ಓಡಿಸಿದೆ. ಜನ ಬೈದರೆ ಅವರು ಕನ್ನಡಕ ತೆಗೆದು ಒರೆಸುತ್ತಾ, "ತಪ್ಪು ನಂದೇ ಐತ್ರಿ" ಎಂದುಬಿಡುತ್ತಿದ್ದರು. ಜೊತೆಗಿದ್ದ ಮುಖಂಡರಿಗೆ ಮುಜುಗರವಾಗುತ್ತಿತ್ತು.

ಅವರು ಎರಡನೇ ಸಲ ಚುನಾವಣೆಗೆ ನಿಂತಾಗ, ನಾಮಪತ್ರ ಸಲ್ಲಿಸುವ ಕೊನೆಯ ದಿನ ಮಧ್ಯಾಹ್ನ ಕೊಕ್ಕನೂರಿನಿಂದ ಹರಿಹರಕ್ಕೆ ಹೊರಟಿದ್ದೆವು. ಒಬ್ಬ ಅಜ್ಜಿ ಕಾರಿಗೆ ಅಡ್ಡ ನಿಂತಳು.

"ಇನ್ನೊಂದು ಬಸ್ ಬಿಡಿಸ್ತೀನಿ ಅಂದಿದ್ರಲ್ಲ, ಎಲ್ಲೈತ್ರಿ? ನಮ್ ಹುಡುಗ್ರು ಬಾಗ್ಲಿಗೆ ಜೋತಾಡ್ಕೆಂಡು ದಾವಣಗೆರೆ ಕಾಲೇಜಿಗೆ ಹೋಗ್ತಾವೆ."

"ತಪ್ಪು ನಂದೇ ಐತ್ರಿ, ಯವ್ವಾ."

"ಹಂಗಾದ್ರೆ ಇವತ್ತು ನೀವೂ ಅದ್ರಾಗೇ ಹೋಗ್ರಿ!"

ಅವರು ನಕ್ಕು ಕಾರಿನಿಂದ ಇಳಿದೇಬಿಟ್ಟರು. ಹರಿಹರದ ಮೇಲೆ ದಾವಣಗೆರೆಗೆ ಹೋಗುವ, ಊರಿಗಿದ್ದ ಒಂದೇ ಬಸ್ಸು ಬಂದಾಗ ನಾಮಪತ್ರವನ್ನು ಎದೆಗವಚಿಕೊಂಡು ಬಾಗಿಲಲ್ಲಿ ನಿಂತರು. ಮೂರು ಗಂಟೆಯೊಳಗೆ ತಾಲ್ಲೂಕು ಕಚೇರಿ ಸೇರದಿದ್ದರೆ ಸ್ಪರ್ಧೆಯೇ ಇಲ್ಲ. ಬಸ್ಸೋ, ಕೈ ತೋರಿಸಿದಲ್ಲೆಲ್ಲ ನಿಂತಿತು. ಹಿಂದೆ ಖಾಲಿ ಕಾರು ಓಡಿಸುತ್ತಿದ್ದ ನಾನು ಬೆವೆತುಹೋದೆ. ಬಸ್ಸಿನೊಳಗೆ ಮಾತ್ರ ನಗುವೋ ನಗು. ಹರಿಹರದಲ್ಲಿ ಇಳಿದಾಗ ಹತ್ತೇ ನಿಮಿಷ ಉಳಿದಿತ್ತು. ಬಸ್ಸಿನ ಹೆಂಗಸರೇ "ದಾರಿ ಬಿಡ್ರಿ, ದಾರಿ ಬಿಡ್ರಿ" ಎಂದು ಕೂಗುತ್ತಾ ಅವರನ್ನು ಕಚೇರಿ ಬಾಗಿಲಿಗೆ ಮುಟ್ಟಿಸಿದರು.

ಶಾಸಕರು ಗೆದ್ದರು. ಮುಂದಿನ ತಿಂಗಳೇ ಕೊಕ್ಕನೂರಿಗೆ ಎರಡನೇ ಬಸ್ಸು ಬಂತು. ಅಜ್ಜಿ ತಾನು ತಂದಿದ್ದ ಒಂದೇ ಹಾರವನ್ನು ಶಾಸಕರನ್ನು ದಾಟಿಕೊಂಡು ಹೋಗಿ ಬಸ್ಸಿಗೆ ಹಾಕಿದಳು. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವರು ಅವರೇ.